ಡಿಸ್ಚಾರ್ಜ್ ಚೀಟಿಯ ಕೊನೇ ಸಾಲು

ನನ್ ಮಗ್ಳಿಗೆ ಈಗ ಮೂರು ವರ್ಷ ದಾಟಿದೆ, ಕನ್ನಡಕ ಹಾಕ್ತಾಳೆ. ಬಸ್ಸಲ್ಲಿ, ಮದ್ವೆ ಮನೇಲಿ, ಸಂತೇಲಿ ಎಲ್ಲಿ ಹೋದ್ರೂ ಜನ ಕೇಳೋದು ಒಂದೇ ಮಾತು, ಅಯ್ಯೋ ಇಷ್ಟ್ ಚಿಕ್ಕ ಕೂಸಿಗೆ ಕನ್ನಡಕ ಯಾಕಮ್ಮ, ಮೊಬೈಲ್ ಕೊಟ್ಟು ಕೊಟ್ಟು ಹಿಂಗಾಯ್ತಾ ಅಂತ. ಮೊದ್ಲು ಕೇಳ್ದಾಗೆಲ್ಲ ನಂಗೆ ಅಳು ಬರ್ತಿತ್ತು, ಈಗ ನಿಂತು ಹೇಳ್ತೀನಿ, ತಿಂಗ್ಳು ತುಂಬದೆ ಹುಟ್ಟಿದ್ಳು, ಕಣ್ಣಿನ ಒಳಗಡೆ ಪರದೆಗೆ ಲೇಸರ್ ಆಗಿದೆ, ಅದು ಆಗ್ದೆ ಇದ್ದಿದ್ರೆ ಇವತ್ತು ಅವ್ಳಿಗೆ ನನ್ ಮುಖ ಕಾಣ್ತಿರ್ಲಿಲ್ಲ ಅಂತ. ಕೇಳಿದೋರಲ್ಲಿ ಹತ್ತಕ್ಕೆ ಒಂಬತ್ತು ಜನಕ್ಕೆ ಆರ್‌ಒಪಿ, ಅಂದ್ರೆ ರೆಟಿನೋಪತಿ ಆಫ್ ಪ್ರಿಮೆಚ್ಯೂರಿಟಿ ಅಂತ ಹಿಂಗೊಂದು ಕಾಯಿಲೆ ಇದೆ ಅಂತಾನೇ ಗೊತ್ತಿರಲ್ಲ. ನಂಗೂ ಗೊತ್ತಿರ್ಲಿಲ್ಲ. ಅದ್ಕೆ ಒಂದ್ಸಲ ಕೂತು ಪೂರ್ತಿ ಬರೀತಿದೀನಿ.

ನಮ್ದು ಆಲ್ದೂರು ಕಡೆ, ಇವ್ರು ಒಂದು ಕಾಫಿ ಎಸ್ಟೇಟಲ್ಲಿ ರೈಟರ್, ಅಂದ್ರೆ ಲೆಕ್ಕ ಬರೆಯೋರು. 2022ರ ಜುಲೈ, ಮಳೆ ಹಿಡಿದು ಹತ್ತು ದಿನ ಆಗಿತ್ತು, ಕರೆಂಟ್ ಇಲ್ಲ, ಫೋನಿಗೆ ಸಿಗ್ನಲ್ ಸಿಗ್ಬೇಕಂದ್ರೆ ಮೇಲಿನ ಗುಡ್ಡ ಹತ್ತಬೇಕು. ನಂಗೆ ಆಗ ಏಳು ತಿಂಗ್ಳು. ಕಾಲು ಊದ್ಕೊಂಡಿತ್ತು, ಬಸುರಿಗೆ ಇದೆಲ್ಲ ಇದ್ದಿದ್ದೇ ಅಂತ ಸುಮ್ನಿದ್ದೆ. ಒಂದು ರಾತ್ರಿ ತಲೆ ಸಿಡಿಯೋ ಥರ ನೋವು, ಕಣ್ಮುಂದೆ ಮಿಂಚುಹುಳ ಹಾರಾಡ್ದಂಗೆ. ಬೆಳಿಗ್ಗೆ ಚಿಕ್ಕಮಗಳೂರಿಗೆ ಹೋದ್ರೆ ಬಿಪಿ 170/110, ಮೂತ್ರದಲ್ಲಿ ಪ್ರೋಟೀನ್ ಹೋಗ್ತಿದೆ, ಫಿಟ್ಸ್ ಬಂದ್ರೆ ತಾಯಿ ಮಗು ಇಬ್ರಿಗೂ ಅಪಾಯ ಅಂದ್ರು. ಫಿಟ್ಸ್ ಬರ್ದಂಗೆ ಒಂದು ಇಂಜೆಕ್ಷನ್ ಕೊಟ್ರು, ಮೈಯೆಲ್ಲ ಬೆಂಕಿ ಹತ್ತಿದಂಗೆ ಉರಿ. ಮಗು ಶ್ವಾಸಕೋಶ ಬಲಿಯೋಕೆ ಅಂತ ಬೇರೆ ಇಂಜೆಕ್ಷನ್ ಕೊಟ್ಟು, ಒಂದೂವರೆ ದಿನ ಹೆಂಗೋ ತಡೆದು, ಆಮೇಲೆ ಆಗಲ್ಲ ಅಂತ ಸಿಸೇರಿಯನ್ ಮಾಡಿದ್ರು. 31 ವಾರ, 1,320 ಗ್ರಾಂ. ಹೆಣ್ಣು ಮಗು ಅಂತ ಯಾರೋ ಹೇಳಿದ್ದು ಕೇಳಿಸ್ತು, ಅಳು ಮಾತ್ರ ಕೇಳಿಸ್ಲಿಲ್ಲ.

ಉಸಿರು ಎಳೆಯೋಕೆ ಕಷ್ಟ ಪಡ್ತಿದೆ, ದೊಡ್ಡ ಕಡೆ ಹೋಗ್ಬೇಕು ಅಂತ ಅವತ್ತೇ ಆಂಬುಲೆನ್ಸಲ್ಲಿ ಹಾಸನಕ್ಕೆ ಕಳ್ಸಿದ್ರು. ಇವ್ರೂ ನಮ್ ಭಾವನೂ ಮಗು ಜೊತೆ ಹೋದ್ರು, ನಾನು ಹೊಟ್ಟೆ ಹೊಲಿಗೆ ಹಾಕಿಸ್ಕೊಂಡು ಚಿಕ್ಕಮಗಳೂರಲ್ಲೇ ಮಲಗಿದ್ದೆ. ಬೇಲೂರು ಮೇಲೆ ಸುಮಾರು 60 ಕಿಲೋಮೀಟರು, ಆ ಮಳೇಲಿ ಎಷ್ಟ್ ಹೊತ್ತಾಯ್ತೋ. ಅವ್ರು ಯಗಚಿ ಹೊಳೆ ದಾಟಿದ್ವಿ ಅಂತ ಫೋನ್ ಮಾಡಿದ್ರು, ಮಗು ಹೆಂಗಿದೆ ಅಂದ್ರೆ ಇದೆ ಅಂದ್ರು, ಅಷ್ಟೇ. ಹಡೆದ ಮಗೂನ ನಾನು ನೋಡಿದ್ದು ನಾಲ್ಕನೇ ದಿನ.

ಹಾಸನದ ಆಸ್ಪತ್ರೆಯ ಆ ರೂಮು ನಂಗೆ ಈಗ್ಲೂ ಕನಸಲ್ಲಿ ಬರುತ್ತೆ. ಚಪ್ಲಿ ಬಿಟ್ಟು, ಮೊಣಕೈ ತನಕ ಕೈ ತೊಳ್ದು, ಗೌನ್ ಹಾಕ್ಕೊಂಡು ಒಳಗೆ ಹೋಗ್ಬೇಕು. ಸಾಲಾಗಿ ಮಗೂನ ಬೆಚ್ಚಗಿಡೋ ವಾರ್ಮರು, ಒಂದೊಂದ್ರಲ್ಲೂ ಒಂದೊಂದು ಜೀವ. ನನ್ ಮಗ್ಳು ಮೂರನೇದು. ಮೂಗಿಗೆ ಉಸಿರಾಡೋಕೆ ಗಾಳಿ ಒತ್ತಿ ಕೊಡೋ ಸಿಪ್ಯಾಪ್ ಅಂತ ಟ್ಯೂಬು, ಬಾಯಲ್ಲಿ ಹಾಲಿನ ಪೈಪು, ಕಾಲಿಗೆ ಕೆಂಪು ಲೈಟು. ತೊಡೆ ನನ್ ಹೆಬ್ಬೆರಳಷ್ಟು ದಪ್ಪ. ಚರ್ಮದ ಮೇಲೆಲ್ಲ ತೆಳ್ಳಗೆ ರೋಮ, ಕಿವಿ ಇನ್ನೂ ಮೆತ್ತಗೆ, ಮಡಚಿದ್ರೆ ಮಡಚ್ಕೊಂಡೇ ಇರೋದು. ಮುಟ್ಟಬಹುದಾ ಸಿಸ್ಟರ್ ಅಂದೆ, ಮುಟ್ಟಮ್ಮ ನಿನ್ ಮಗೂನೇ, ಸವರಬೇಡ, ಅಂಗೈ ಹಂಗೇ ಇಟ್ಕೋ ಅಂದ್ರು. ತಲೆ ಮೇಲೆ ಒಂದು ಕೈ, ಪಾದಕ್ಕೆ ಒಂದು ಕೈ ಇಟ್ಟೆ. ಇಡೀ ಮಗು ನನ್ ಎರಡು ಕೈ ಒಳಗೆ ಬಂತು.

ಅಲ್ಲಿ ಒಂದು ವಿಷ್ಯ ಹೇಳ್ಲೇಬೇಕು, ಮುಂದಿನ ಕಥೆಗೆಲ್ಲ ಅದೇ ಬೇರು. ಪ್ರತಿ ವಾರ್ಮರ್ ಪಕ್ಕ ಒಂದು ಮಾನಿಟರ್, ಅದ್ರಲ್ಲಿ ರಕ್ತದಲ್ಲಿ ಎಷ್ಟು ಆಕ್ಸಿಜನ್ ಇದೆ ಅಂತ ನಂಬರ್ ಬರ್ತಿರುತ್ತೆ. ನಾನು ದಿನಾ ಅದನ್ನೇ ನೋಡ್ತಾ ಕೂರೋಳು. ಕೋವಿಡ್ ಟೈಮಲ್ಲಿ ಎಲ್ರ ಮನೇಲೂ ಬೆರಳಿಗೆ ಹಾಕೋ ಮಿಷನ್ ಇತ್ತಲ್ಲ, 98, 99 ಬಂದ್ರೆ ಖುಷಿ, 94 ಬಂದ್ರೆ ಭಯ, ಅದೇ ತಲೇಲಿತ್ತು. ಒಂದಿನ ಪುಟ್ಟಿದು 99 ಬಂತು, ನಂಗೆ ಜೀವ ಬಂದಂಗಾಯ್ತು, ಅಷ್ಟರಲ್ಲಿ ಮಿಷನ್ ಕೂಗೋಕೆ ಶುರುವಾಯ್ತು, ಸಿಸ್ಟರ್ ಓಡಿ ಬಂದು ಆಕ್ಸಿಜನ್ ಕಡಿಮೆ ಮಾಡಿದ್ರು. ಯಾಕೆ ಸಿಸ್ಟರ್ ಚೆನ್ನಾಗೇ ಇತ್ತಲ್ಲ ಅಂತ ಗಾಬರಿಯಿಂದ ಕೇಳ್ದೆ. ಈ ಮಕ್ಳಿಗೆ 90ರಿಂದ 95ರ ಒಳಗೆ ಇರ್ಬೇಕಮ್ಮ, ಜಾಸ್ತಿ ಆದ್ರೆ ಕಣ್ಣಿಗೆ ಒಳ್ಳೇದಲ್ಲ ಅಂದ್ರು. ಕಣ್ಣಿಗೆ ಅನ್ನೋ ಮಾತು ಕಿವಿಗೆ ಬಿತ್ತು, ತಲೆಗೆ ಹೋಗ್ಲಿಲ್ಲ. ಉಸಿರಾಡೋ ಗಾಳಿಗೂ ಕಣ್ಣಿಗೂ ಏನ್ ಸಂಬಂಧ ಅಂತ ಕೇಳೋ ಬುದ್ಧಿ ಆವಾಗ ಬರ್ಲಿಲ್ಲ, ಆ ಸಿಸ್ಟರಿಗೂ ಅಷ್ಟರಲ್ಲಿ ಇನ್ನೊಂದು ಮಗು ಕೂಗ್ತಿತ್ತು.

ಐದನೇ ದಿನ ರಕ್ತಕ್ಕೆ ಇನ್ಫೆಕ್ಷನ್ ಆಯ್ತು. ಉಸಿರು ಮರೆತು ನಿಂತುಬಿಡೋದು, ಮೈ ನೀಲಿ ಆಗೋದು, ಸಿಸ್ಟರ್ ಅಂಗಾಲಿಗೆ ತಟ್ಟಿದ್ರೆ ಮತ್ತೆ ಉಸಿರು. ಅದಕ್ಕೆ ಕೆಫೀನ್ ಅಂತ ಔಷಧಿ ಕೊಡ್ತಿದ್ರು, ಕಾಫಿಲಿರೋ ಅದೇ ಕೆಫೀನ್. ಇವ್ರು ಅದನ್ನ ಕೇಳಿ ಕಾರಿಡಾರಲ್ಲಿ ಗೋಡೆಗೆ ಒರಗಿ ಅತ್ತುಬಿಟ್ರು, ಅವ್ರು ಅತ್ತಿದ್ದು ನಾನು ನೋಡಿದ್ದು ಅದೇ ಮೊದ್ಲು. ಒಂದ್ಸಲ ರಕ್ತನೂ ಹಾಕಿದ್ರು. ಆಂಟಿಬಯೋಟಿಕ್ ಮೇಲೆ ಆಂಟಿಬಯೋಟಿಕ್. 1,320 ಇದ್ದೋಳು 1,190ಕ್ಕೆ ಇಳಿದ್ಳು, ಹುಟ್ಟಿದ ತೂಕಕ್ಕೆ ವಾಪಸ್ ಬರೋಕೆ ಎರಡು ವಾರ ಹಿಡೀತು.

ನಾನು ಸಾಲಗಾಮೆ ರಸ್ತೆಲಿರೋ ಚಿಕ್ಕಮ್ಮನ ಮನೇಲಿ ಉಳ್ಕೊಂಡಿದ್ದೆ. ಎರಡು ಗಂಟೆಗೊಂದ್ಸಲ ಹಾಲು ಹಿಂಡಿ ಸ್ಟೀಲ್ ಲೋಟಕ್ಕೆ ಹಾಕಿ ಕೊಡೋದು. ಮೊದ್ಲ ದಿನ ಬಂದಿದ್ದು ಬರೀ ಐದು ಎಂಎಲ್, ಅದನ್ನೂ ಸಿಸ್ಟರ್ ಒಂದು ತೊಟ್ಟು ಬಿಡ್ದಂಗೆ ಸಿರಿಂಜಲ್ಲಿ ಎಳ್ಕೊಂಡ್ರು. ಆಮೇಲೆ ಪೈಪ್ ತೆಗೆದು ಒಳಲೇಲಿ ಕುಡಿಸೋದು ಹೇಳ್ಕೊಟ್ರು. ನಮ್ಮತ್ತೆ ಊರಿಂದ ಅವ್ರ ಕಾಲದ ಬೆಳ್ಳಿ ಒಳಲೆ ತಂದಿದ್ರು, ನಮ್ಮನೆಯವ್ರು ಕುಡಿದಿದ್ದಂತೆ ಅದ್ರಲ್ಲಿ, ಸಿಸ್ಟರ್ ನೋಡಿ ಚೆನ್ನಾಗಿ ಕುದಿಸಿ ತನ್ನಿ ಅಜ್ಜಿ, ಇದೇ ನಮ್ಗೂ ಬೇಕಾಗಿರೋದು ಅಂದ್ರು. ಅತ್ತೆಗೆ ಅವತ್ತು ಎಷ್ಟು ಸಮಾಧಾನ ಅಂದ್ರೆ, ಅಷ್ಟು ದಿನ ಅವ್ರನ್ನ ಯಾರೂ ಏನೂ ಕೇಳಿರ್ಲಿಲ್ಲ.

ಆಮೇಲೆ ಕಾಂಗರೂ ಆರೈಕೆ. ಮಗೂಗೆ ಟೋಪಿ, ಸಾಕ್ಸ್, ಡೈಪರ್ ಬಿಟ್ಟು ಬೇರೇನೂ ಹಾಕ್ದೆ ನನ್ ಎದೆ ಮೇಲೆ ಕಪ್ಪೆ ಥರ ಮಲಗಿಸಿ ಬಟ್ಟೇಲಿ ಕಟ್ಟೋದು. 1970ರ ದಶಕದ ಕೊನೇಲಿ ಕೊಲಂಬಿಯಾ ದೇಶದಲ್ಲಿ ಮಗು ಬೆಚ್ಚಗಿಡೋ ಇನ್‌ಕ್ಯುಬೇಟರ್ ಸಾಲ್ದೇ ಇದ್ದಾಗ ಶುರುವಾಗಿದ್ದಂತೆ, ಈಗ ಡಬ್ಲ್ಯೂಎಚ್‌ಒನೂ ಹುಟ್ಟಿದ ಕೂಡ್ಲೇ ಶುರು ಮಾಡಿ ಅನ್ನುತ್ತೆ. ನಂಗೆ ಅದೆಲ್ಲ ಆಮೇಲೆ ಗೊತ್ತಾಗಿದ್ದು. ಅವತ್ತು ಗೊತ್ತಾಗಿದ್ದು ಒಂದೇ, ನನ್ ಎದೆ ಮೇಲಿದ್ದಾಗ ಮಿಷನ್ ಕೂಗ್ತಿರ್ಲಿಲ್ಲ.

ಇಪ್ಪತ್ತೇಳನೇ ದಿನ ಡಿಸ್ಚಾರ್ಜ್. 1,580 ಗ್ರಾಂ. ನಾವು ಆ ಖುಷಿಲಿ ಏನೂ ಕೇಳಿಸ್ಕೊಳ್ಳೋ ಸ್ಥಿತೀಲಿ ಇರ್ಲಿಲ್ಲ. ಕಬ್ಬಿಣದ ಡ್ರಾಪ್ಸು, ವಿಟಮಿನ್ ಡಿ ಡ್ರಾಪ್ಸು ಎಷ್ಟೆಷ್ಟು, ಯಾವಾಗ ತೂಕಕ್ಕೆ ಬರ್ಬೇಕು, ಕಿವಿ ಟೆಸ್ಟ್ ಯಾವಾಗ, ಎಲ್ಲ ಹೇಳಿದ್ರು. ನಾಲ್ಕು ಪೇಜಿನ ಡಿಸ್ಚಾರ್ಜ್ ಚೀಟಿ ಕೈಗೆ ಕೊಟ್ರು, ಪೂರ್ತಿ ಇಂಗ್ಲಿಷು. ನಮ್ಮನೆಯವ್ರು ಪಿಯುಸಿ ಓದಿದಾರೆ, ನಾನು ಡಿಗ್ರಿ ಅರ್ಧಕ್ಕೆ ಬಿಟ್ಟೋಳು, ಇಂಗ್ಲಿಷ್ ಓದೋಕೆ ಬರುತ್ತೆ, ಆದ್ರೆ ಆ ಅಕ್ಷರ, ಆ ಶಾರ್ಟ್ ಫಾರ್ಮು ನಮ್ಗೆಲ್ಲಿ ಅರ್ಥ ಆಗ್ಬೇಕು. ಕೊನೇ ಪೇಜಿನ ಕೊನೇ ಸಾಲು, ಆರ್‌ಒಪಿ ಸ್ಕ್ರೀನಿಂಗ್ ಅಂತ ಬರ್ದು ಮುಂದೆ ಒಂದು ಡೇಟ್ ಹಾಕಿದ್ರು. ಬಾಯಲ್ಲಿ ಯಾರೂ ಹೇಳ್ಲಿಲ್ಲ. ಹೇಳಿದ್ರೇನೋ, ನಾವು ಗಮನ ಕೊಡ್ಲಿಲ್ವೇನೋ ಅಂತ ನಾನು ಎಷ್ಟೋ ಸಲ ಯೋಚ್ನೆ ಮಾಡಿದೀನಿ, ಇವ್ರನ್ನ ಕೇಳಿದೀನಿ, ಚಿಕ್ಕಮ್ಮನ್ನ ಕೇಳಿದೀನಿ, ಯಾರಿಗೂ ನೆನಪಿಲ್ಲ. ಆಸ್ಪತ್ರೆ ಹೆಸ್ರು ಬರಿಯಲ್ಲ, ಮಗು ಜೀವ ಉಳ್ಸಿದೋರು ಅವ್ರು. ಆದ್ರೆ ಆ ಒಂದು ಸಾಲು ಕನ್ನಡದಲ್ಲಿ, ಕೆಂಪು ಇಂಕಲ್ಲಿ, ಮೊದ್ಲ ಪೇಜಲ್ಲಿ ಇರ್ಬೇಕಿತ್ತು ಅಂತ ನಂಗೆ ಇವತ್ತಿಗೂ ಅನ್ಸುತ್ತೆ.

ಮನೆಗೆ ಬಂದ ಎರಡನೇ ದಿನ ಆಶಾ ಅಕ್ಕ, ಅಂದ್ರೆ ಮನೆ ಮನೆಗೆ ಬರೋ ಆರೋಗ್ಯ ಕಾರ್ಯಕರ್ತೆ, ಬಂದ್ರು. ಕೊಡೆ ಮಡಚಿಟ್ಟು, ಕೈ ತೊಳ್ದು, ಒಲೆ ಮುಂದೆ ಅಂಗೈ ಬೆಚ್ಚಗೆ ಮಾಡ್ಕೊಂಡು ಆಮೇಲೆ ಮಗು ಮುಟ್ಟಿದ್ರು. ತೂಕ ಹಾಕಿದ್ರು, ಹಾಲು ಕುಡಿಯೋದು ನೋಡಿದ್ರು, ತಾಯಿ ಕಾರ್ಡು ಡಿಸ್ಚಾರ್ಜ್ ಚೀಟಿ ಎರಡೂ ಕೊಡಮ್ಮ ಅಂದ್ರು. ಕನ್ನಡಕ ಹಾಕ್ಕೊಂಡು ಬೆರಳಿಟ್ಟು ಸಾಲು ಸಾಲು ಓದಿದ್ರು. ಕೊನೇ ಸಾಲಿಗೆ ಬಂದು ತಲೆ ಎತ್ತಿ, ಕಣ್ಣಿನ ಟೆಸ್ಟ್ ಆಗಿಲ್ವೇನಮ್ಮ ಅಂದ್ರು. ಯಾವ ಕಣ್ಣಿನ ಟೆಸ್ಟ್ ಅಕ್ಕ ಅಂದೆ. ಇದು ನಾಳೇದು ಡೇಟು, 30 ದಿನದೊಳಗೆ ಮಾಡಿಸ್ಲೇಬೇಕು, ತಿಂಗ್ಳು ತುಂಬದ ಮಕ್ಳಿಗೆ ಕಣ್ಣು ಹೋಗೋ ಚಾನ್ಸ್ ಇರುತ್ತೆ, ನಮ್ಗೆ ಟ್ರೈನಿಂಗಲ್ಲಿ ಹೇಳಿದಾರೆ ಅಂದ್ರು.

ಅತ್ತೆ ಅಲ್ಲೇ ನಿಂತಿದ್ರು. ಏನ್ ಹೇಳ್ತೀಯೇ, ಹಸಿ ಬಾಣಂತಿ, ಹಸಿ ಕೂಸು, ಈ ಮಳೇಲಿ ಮತ್ತೆ ಹಾಸನಕ್ಕಾ, ಕಣ್ಣು ನೋಡು ಎಷ್ಟು ಚೆನ್ನಾಗಿ ಪಿಳಿಪಿಳಿ ಬಿಡುತ್ತೆ ಅಂದ್ರು. ಅವ್ರ ಮಾತಲ್ಲಿ ತಪ್ಪೇನಿರ್ಲಿಲ್ಲ, ಕಣ್ಣು ನಿಜವಾಗ್ಲೂ ಚೆನ್ನಾಗೇ ಕಾಣ್ತಿತ್ತು. ಕಪ್ಪಗೆ, ಹೊಳೀತಾ. ಈ ಕಾಯಿಲೆ ಬಗ್ಗೆ ಎಲ್ಲಕ್ಕಿಂತ ಮೋಸದ ವಿಷ್ಯ ಇದೇ, ಹೊರಗಿಂದ ಒಂದ್ಚೂರೂ ಗೊತ್ತಾಗಲ್ಲ, ಕೆಂಪಾಗಲ್ಲ, ನೀರು ಬರಲ್ಲ, ಮಗು ಅಳಲ್ಲ. ಹೊರಗೆ ಗೊತ್ತಾಗೋ ಹೊತ್ತಿಗೆ, ಪಾಪೆ ಬೆಳ್ಳಗೆ ಕಾಣೋ ಹೊತ್ತಿಗೆ, ಮುಗ್ದಿರುತ್ತೆ.

ಹಾಸನ ದೂರ ಅಂತ ನಾವು ಹತ್ರದಲ್ಲೇ ಒಂದು ಕಣ್ಣಿನ ಕ್ಲಿನಿಕ್ಕಿಗೆ ಹೋದ್ವಿ, ಯಾವ್ದು ಅಂತ ಬೇಡ. ಅವ್ರು ಟಾರ್ಚ್ ಬಿಟ್ಟು ಎರಡು ಕಣ್ಣೂ ನೋಡಿ, ಚೆನ್ನಾಗಿದೆ, ಆರು ತಿಂಗ್ಳು ಬಿಟ್ಟು ತನ್ನಿ ಅಂದ್ರು. ನಮ್ಗೆ ಬೇಕಾಗಿದ್ದೂ ಅದೇ ಮಾತು. ವಾಪಸ್ ಬಂದು ನೆಮ್ಮದಿಯಾಗಿ ಮಲಗಿದ್ವಿ. ಒಂದು ವಾರ ಹಂಗೇ ಹೋಯ್ತು. ಆ ಒಂದು ವಾರ ನೆನಪಾದಾಗೆಲ್ಲ ಹೊಟ್ಟೆ ಒಳಗೆ ಏನೋ ಹಿಂಡಿದಂಗೆ ಆಗುತ್ತೆ, ಯಾಕಂದ್ರೆ ಈ ಕಾಯಿಲೇಲಿ ವಾರ ಅನ್ನೋದು ದೊಡ್ಡ ಲೆಕ್ಕ, ಟ್ರೀಟ್‌ಮೆಂಟ್ ಬೇಕು ಅಂತ ಗೊತ್ತಾದ ಮೇಲೆ ಎರಡು ಮೂರು ದಿನದೊಳಗೆ ಮಾಡ್ಬೇಕು ಅಂತ ಡಾಕ್ಟ್ರುಗಳು ಹೇಳೋದು.

ಮೂವತ್ತಾರನೇ ದಿನ ಆಶಾ ಅಕ್ಕ ಮತ್ತೆ ಬಂದ್ರು. ಬರೋ ದಿನ ಅಲ್ಲ ಅದು, ಮನಸ್ಸು ತಡೀಲಿಲ್ಲ ಅಂತ ಬಂದಿದ್ರು. ಟೆಸ್ಟ್ ಆಯ್ತಾ ಅಂದ್ರು, ಆಯ್ತಕ್ಕ ಚೆನ್ನಾಗಿದೆಯಂತೆ ಅಂದೆ. ಡ್ರಾಪ್ಸ್ ಹಾಕಿ ಪಾಪೆ ದೊಡ್ಡದು ಮಾಡಿದ್ರಾ ಅಂದ್ರು. ಇಲ್ಲ, ಟಾರ್ಚಲ್ಲಿ ನೋಡಿದ್ರು. ರೆಪ್ಪೆ ಬಿಡಿಸೋಕೆ ಕ್ಲಿಪ್ ಥರ ಹಾಕಿದ್ರಾ, ಇಲ್ಲ. ತಲೆಗೆ ಲೈಟ್ ಕಟ್ಕೊಂಡು ನೋಡಿದ್ರಾ, ಇಲ್ಲ. ಹಂಗಾದ್ರೆ ಅದು ಟೆಸ್ಟೇ ಅಲ್ಲಮ್ಮ ಅಂತ ಹೇಳಿ ಅಲ್ಲೇ ಮೆಟ್ಟಿಲ ಮೇಲೆ ನಿಂತು ಆರ್‌ಬಿಎಸ್‌ಕೆ ಡಾಕ್ಟ್ರಿಗೆ ಫೋನ್ ಹಚ್ಚಿದ್ರು. ಸಿಗ್ನಲ್ ಹೋಗ್ತಿತ್ತು, ಅವ್ರು ಆ ಮಳೇಲಿ ಗುಡ್ಡ ಹತ್ತಿ ಮಾತಾಡಿ ಬಂದ್ರು, ಸೀರೆ ಮೊಣಕಾಲ ತನಕ ಒದ್ದೆ. ನಾಳಿದ್ದು ಹಾಸನದಲ್ಲಿ ಈ ಮಕ್ಳ ಕಣ್ಣು ನೋಡೋ ಡಾಕ್ಟ್ರು ಬರ್ತಾರೆ, ಹೆಸ್ರು ಬರೆಸಿದೀನಿ, ಹೋಗ್ಲೇಬೇಕು ಅಂದ್ರು. ಅತ್ತೆ ಕಡೆ ತಿರುಗಿ, ಅಮ್ಮ ನಿಮ್ ಕಾಲಿಗೆ ಬೀಳ್ತೀನಿ ಕಳ್ಸಿ ಅಂದ್ರು. ಅತ್ತೆ ಒಂದು ನಿಮಿಷ ಸುಮ್ನಿದ್ರು. ಆಮೇಲೆ ಒಳಗೆ ಹೋಗಿ ಅವ್ರ ಉಲ್ಲನ್ ಶಾಲು ತಂದು ನಂಗೆ ಕೊಟ್ರು.

ಆರ್‌ಬಿಎಸ್‌ಕೆ ಅಂದ್ರೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ, 2013ರಿಂದ ಇದೆ, ಹುಟ್ಟಿದ ಮಗೂಯಿಂದ 18 ವರ್ಷದ ತನಕ. ಸೀಳು ತುಟಿ, ತಿರುಚಿದ ಪಾದ, ಹುಟ್ಟಿಂದ ಬಂದ ಹೃದಯದ ತೊಂದ್ರೆ, ಹುಟ್ಟಿಂದ ಬಂದ ಕಣ್ಣಿನ ಪೊರೆ ಎಲ್ಲ ಇದ್ರಲ್ಲಿ ಬರುತ್ತೆ, ಈ ಆರ್‌ಒಪಿನೂ ಬರುತ್ತೆ. ಅಂಗನವಾಡಿಗೆ ಡಾಕ್ಟ್ರು ಬಂದು ಮಕ್ಳ ತೂಕ ನೋಡಿ ಹೋಗ್ತಾರಲ್ಲ, ಅವ್ರೇ. ನಾನು ಅಲ್ಲಿ ತನಕ ಬರೀ ಜಂತುಹುಳದ ಮಾತ್ರೆ ಕೊಡೋರು ಅಂದ್ಕೊಂಡಿದ್ದೆ.

ಹಾಸನದಲ್ಲಿ ಅವತ್ತು ಏಳೆಂಟು ಮಕ್ಳು. ಒಂದು ಗಂಟೆ ಮುಂಚೆ ಹಾಲು ಕೊಡೋದು ನಿಲ್ಸಿ ಅಂದಿದ್ರು, ಇಲ್ಲಾಂದ್ರೆ ನೋಡೋವಾಗ ವಾಂತಿ ಆಗಿ ಉಸಿರಿಗೆ ಹೋಗುತ್ತಂತೆ. ಹತ್ತು ಹದಿನೈದು ನಿಮಿಷಕ್ಕೊಂದ್ಸಲ ಡ್ರಾಪ್ಸ್, ಮೂರು ಸಲ. ಕಪ್ಪು ಪಾಪೆ ಅಗಲ ಆಗಿ ಕಣ್ಣೆಲ್ಲ ಕಪ್ಪೇ ಕಾಣ್ತಿತ್ತು. ಬಟ್ಟೇಲಿ ಬಿಗಿಯಾಗಿ ಸುತ್ತಿ, ನಾಲಿಗೆ ಮೇಲೆ ಎರಡು ತೊಟ್ಟು ಸಕ್ಕರೆ ನೀರು ಬಿಟ್ಟು, ರೆಪ್ಪೆಗೆ ಚಿಕ್ಕ ತಂತಿ ಕ್ಲಿಪ್ ಹಾಕಿದ್ರು. ನೀವು ಹೊರಗಿರಿ ಅಂದ್ರು, ನಾನು ಆಗಲ್ಲ ಅಂದೆ. ಮಗು ಅತ್ತಿದ್ದು ಅತ್ತಿದ್ದೇ. ತುದೀಲಿ ಲೈಟ್ ಇರೋ ಕ್ಯಾಮರಾನ ಜೆಲ್ ಹಚ್ಚಿ ಕಣ್ಣಿನ ಮೇಲೇ ಇಟ್ರು, ಪಕ್ಕದ ಸ್ಕ್ರೀನಲ್ಲಿ ಕಣ್ಣಿನ ಒಳಗಡೆ ಬಂತು. ಕಿತ್ತಳೆ ಬಣ್ಣದ ಹುಣ್ಣಿಮೆ ಚಂದ್ರ ಇದ್ದಂಗೆ. ಮಧ್ಯದಿಂದ ನರ, ಅಂದ್ರೆ ರಕ್ತನಾಳ, ಹೊರಟಿದ್ವು, ಸೀದಾ ಹೋಗ್ಬೇಕಾದ್ದು ಹಾವಿನ ಥರ ಅಂಕುಡೊಂಕು, ದಪ್ಪ. ಅವು ಅಂಚಿನ ತನಕ ಹೋಗದೆ ನಡುವೆ ಒಂದು ಬಿಳೀ ಗೆರೆ ಹತ್ರ ನಿಂತುಬಿಟ್ಟಿದ್ವು. ಗೆರೆ ಆಚೆ ಬರೀ ಬೂದು.

ಡಾಕ್ಟ್ರು ನಮ್ಮನ್ನ ಕೂರಿಸ್ಕೊಂಡು, ಏನ್ ಕೆಲ್ಸ ನಿಮ್ದು ಅಂದ್ರು, ಇವ್ರು ಹೇಳಿದ್ರು, ಮನೇಲಿ ಗದ್ದೆ ಇದ್ಯಾ ಅಂದ್ರು, ಸ್ವಲ್ಪ ಇದೆ ಅಂದ್ರು. ನೋಡಿ, ಕಣ್ಣಿನ ಹಿಂದಿರೋ ಪರದೆ ಗದ್ದೆ ಇದ್ದಂಗೆ, ರಕ್ತನಾಳ ಕಾಲುವೆ ಇದ್ದಂಗೆ. ಹೊಟ್ಟೇಲಿರೋವಾಗ ನಾಲ್ಕನೇ ತಿಂಗ್ಳಿಂದ ಕಾಲುವೆ ಬೆಳೆಯೋಕೆ ಶುರುವಾಗಿ ತಿಂಗ್ಳು ತುಂಬೋ ಹೊತ್ತಿಗೆ ಕೊನೇ ಗದ್ದೆ ತನಕ ಮುಟ್ಟುತ್ತೆ. ನಿಮ್ ಮಗು ಎರಡು ತಿಂಗ್ಳು ಮೊದ್ಲೇ ಬಂತು, ಕಾಲುವೆ ಅರ್ಧಕ್ಕೆ ನಿಲ್ತು. ಹೊರಗೆ ಆಕ್ಸಿಜನ್ ಜಾಸ್ತಿ ಸಿಕ್ಕಿ, ಇನ್ಫೆಕ್ಷನ್ ಆಗಿ ಅದಕ್ಕೆ ಇನ್ನೂ ಪೆಟ್ಟಾಯ್ತು. ಈಗ ಕೊನೇ ಗದ್ದೆ ನೀರು ಬೇಕು ನೀರು ಬೇಕು ಅಂತ ಕೂಗ್ತಿದೆ, ಅದಕ್ಕೆ ಕಂಡ ಕಂಡಲ್ಲಿ ಬದು ಒಡ್ಕೊಂಡು ಹೊಸ ಕಾಲುವೆ ಹುಟ್ತಿದೆ, ಅವು ಗಟ್ಟಿ ಇರಲ್ಲ, ಒಡೆದು ರಕ್ತ ಸೋರುತ್ತೆ, ಆಮೇಲೆ ಎಳೆದು ಪರದೆನೇ ಕಿತ್ಕೊಂಡು ಬರುತ್ತೆ, ಕಿತ್ಕೊಂಡು ಬಂದ್ರೆ ಆಮೇಲೆ ಆಪರೇಷನ್ ಮಾಡಿದ್ರೂ ದೃಷ್ಟಿ ಬರೋದು ಕಷ್ಟ ಅಂದ್ರು. ಐದು ಹಂತ ಇರುತ್ತೆ, ಇದು ಮೂರನೇದು, ಎರಡೂ ಕಣ್ಣಲ್ಲಿ, ನರ ಬೇರೆ ಊದಿದೆ, 48 ಗಂಟೆ ಒಳಗೆ ಬೆಂಗಳೂರಲ್ಲಿ ಲೇಸರ್ ಆಗ್ಬೇಕು.

ನಾನು ಕೇಳಿದ್ದು ಒಂದೇ ಪ್ರಶ್ನೆ, ಆಕ್ಸಿಜನ್ ಕೊಟ್ಟಿದ್ದೇ ತಪ್ಪಾ ಡಾಕ್ಟ್ರೇ ಅಂತ. ಅಲ್ಲಮ್ಮ, ಅದು ಇಲ್ದಿದ್ರೆ ಮಗುನೇ ಇರ್ತಿರ್ಲಿಲ್ಲ, ಅದಕ್ಕೇ ಕಣ್ಣು ಆಮೇಲೆ ನೋಡ್ಬೇಕು ಅಂತ ಬರ್ದಿರೋದು ಅಂದ್ರು.

ಬೆಳಿಗ್ಗೆ ತನಕ ಕಾಯೋದು ಬೇಡ ಅಂತ ಎಸ್ಟೇಟ್ ಓನರು ಅವ್ರ ಗಾಡಿ ಡ್ರೈವರ್ ಸಮೇತ ಕೊಟ್ರು. ಹಾಸನದಿಂದ ಬೆಂಗಳೂರಿಗೆ ಸುಮಾರು 185 ಕಿಲೋಮೀಟರು, ರಾತ್ರಿ ಹತ್ತಕ್ಕೆ ಹೊರಟ್ವಿ. ಪುಟ್ಟೀನ ಎದೆಗೆ ಕಟ್ಕೊಂಡು ಮೇಲೆ ಅತ್ತೆ ಶಾಲು ಸುತ್ಕೊಂಡಿದ್ದೆ. ಚನ್ನರಾಯಪಟ್ಟಣದಲ್ಲಿ ಒಂದ್ಸಲ, ಕುಣಿಗಲ್ ದಾಟಿ ಒಂದ್ಸಲ ಗಾಡಿ ನಿಲ್ಸಿ ಒಳಲೇಲಿ ಹಾಲು. ದಾರಿ ಉದ್ದಕ್ಕೂ ಬೆರಳು ಅವ್ಳ ಬೆನ್ನ ಮೇಲಿಟ್ಟು ಉಸಿರು ಎಣಿಸ್ತಿದ್ದೆ. ಇವ್ರು ಮುಂದೆ ಕೂತಿದ್ರು, ಒಂದ್ಸಲ ತಿರುಗಿ, ಕಣ್ಣು ಹೋದ್ರೂ ನಾನು ಸಾಕ್ತೀನಿ ಮಾರಾಯ್ತಿ, ನೀನು ಅಳಬೇಡ ಅಂದ್ರು. ಅವ್ರೇ ಅಳ್ತಿದ್ರು.

ಬೆಂಗಳೂರಲ್ಲಿ ಪೇಪರಿಗೆ ಸೈನ್ ಹಾಕಿಸ್ಕೊಳ್ಳೋ ಮುಂಚೆ ಎಲ್ಲ ಬಿಡಿಸಿ ಹೇಳಿದ್ರು. ಲೇಸರ್ ಅಂದ್ರೆ ನೀರು ಸಿಗದ ಆ ಬೂದು ಭಾಗನ ಚುಕ್ಕೆ ಚುಕ್ಕೆಯಾಗಿ ಸುಡೋದು, ಆಗ ಅದು ಕೂಗೋದು ನಿಲ್ಸುತ್ತೆ, ಕೆಟ್ಟ ನಾಳಗಳು ತಾವೇ ಒಣಗ್ತವೆ. ಅಂಚಿನ ನೋಟ ಸ್ವಲ್ಪ ಕಮ್ಮಿ ಆಗುತ್ತೆ, ನಡುವಿನ ನೋಟ ಉಳಿಯುತ್ತೆ. ಮುಂದೆ ಮೈನಸ್ ನಂಬರ್, ಮೆಳ್ಳೆಗಣ್ಣು ಬರಬಹುದು. ಮತ್ತೊಂದ್ಸಲ ಲೇಸರ್ ಬೇಕಾಗಬಹುದು. ಕೆಲವು ಮಕ್ಳಿಗೆ ಕಣ್ಣೊಳಗೆ ಇಂಜೆಕ್ಷನ್ನೂ ಕೊಡ್ತಾರೆ, ನಿಮ್ ಮಗೂಗೆ ಲೇಸರೇ ಸರಿ ಅಂದ್ರು. ಒಂದು ಗಂಟೆ ನಲವತ್ತು ನಿಮಿಷ ಒಳಗಿದ್ಳು. ನಾನು ಹೊರಗೆ ಅವ್ಳ ಟೋಪಿ ಕೈಲಿ ಹಿಡ್ಕೊಂಡು ನಿಂತಿದ್ದೆ. ಹೊರಗೆ ಬಂದಾಗ ರೆಪ್ಪೆ ಎರಡೂ ಊದಿ ಮುಚ್ಕೊಂಡಿತ್ತು, ಮುಖನೇ ಬೇರೆ ಥರ. ರಾತ್ರಿ ಪೂರ್ತಿ ಮತ್ತೆ ಮಾನಿಟರ್, ಈ ಸಣ್ಣ ಮಕ್ಳಿಗೆ ಲೇಸರ್ ಆದ್ಮೇಲೆ ಉಸಿರು ನಿಲ್ಲೋ ಭಯ ಇರುತ್ತಂತೆ. 93, 94, 92. ಈ ಸಲ ನಂಬರ್ ಅರ್ಥ ಆಗ್ತಿತ್ತು.

ವಾರ ಬಿಟ್ಟು ಹೋದಾಗ ನರದ ಊತ ಇಳಿದಿತ್ತು. ಎರಡನೇ ಸಲ ಹೋದಾಗ ಬಿಳೀ ಗೆರೆ ಚಪ್ಪಟೆ ಆಗಿತ್ತು. ನಾಲ್ಕನೇ ಸಲ ಹೋದಾಗ ಡಾಕ್ಟ್ರು, ಇನ್ನು ಪರದೆ ಬಗ್ಗೆ ಹೆದರಬೇಡಿ ಅಂದ್ರು. ಪ್ರತಿ ಸಲವೂ ಆ ಡ್ರಾಪ್ಸು, ಆ ಕ್ಲಿಪ್ಪು, ಆ ಅಳು.

ಆದ್ರೂ ಅವ್ಳಿಗೆ ಕಾಣುತ್ತೆ ಅಂತ ನಂಬೋಕೆ ನಂಗೆ ಆಗ್ತಿರ್ಲಿಲ್ಲ. ಮುಖದ ಮುಂದೆ ಕೈ ಆಡಿಸೋದು, ಟಾರ್ಚ್ ಬಿಡೋದು, ಗಿಲಕಿ ಶಬ್ದ ಮಾಡ್ದೆ ತೋರ್ಸೋದು, ದಿನಕ್ಕೆ ಹತ್ತು ಸಲ. ತಿಂಗ್ಳು ತುಂಬದ ಮಕ್ಳ ವಯಸ್ಸನ್ನ ಹೆರಿಗೆ ಡೇಟಿಂದ ಎಣಿಸ್ಬೇಕು ಅಂತ ಡಾಕ್ಟ್ರು ಹೇಳಿದ್ರೂ ಮನಸ್ಸು ಕೇಳ್ಬೇಕಲ್ಲ. ಹಾಸನಾಂಬೆ ಬಾಗಿಲು ತೆಗೆದಾಗ ಅತ್ತೆ ಒಬ್ರೇ ಸಾಲಲ್ಲಿ ನಿಂತು ದರ್ಶನ ಮಾಡಿ ಬಂದ್ರು. ಅದಾಗಿ ಸ್ವಲ್ಪ ದಿನಕ್ಕೆ, ನವೆಂಬರಲ್ಲಿ, ಬಿಸಿಲು ಬಿದ್ದಿತ್ತು, ಅತ್ತೆ ಕಾಲು ಚಾಚ್ಕೊಂಡು ಮಗೂಗೆ ಎಣ್ಣೆ ಹಚ್ತಾ ಏನೋ ಹಾಡ್ತಿದ್ರು. ಅವ್ರ ಮೂಗುಬೊಟ್ಟಿನ ಹರಳಿಗೆ ಬಿಸಿಲು ತಾಗಿ ಮಿಣುಕ್ತಿತ್ತು. ಅತ್ತೆ ತಲೆ ಈ ಕಡೆ ತಿರುಗಿಸಿದ್ರೆ ಪುಟ್ಟಿ ಕಣ್ಣು ಈ ಕಡೆ, ಆ ಕಡೆ ತಿರುಗಿಸಿದ್ರೆ ಆ ಕಡೆ. ಅತ್ತೆ ಹಾಡೋದು ನಿಲ್ಸಿದ್ರು. ನನ್ನ ನೋಡಿದ್ರು. ಬಾಯಿ ಮುಚ್ಕೊಂಡು ಮತ್ತೆ ನಿಧಾನಕ್ಕೆ ತಲೆ ತಿರುಗಿಸಿದ್ರು, ಶಬ್ದ ಇಲ್ದೆ. ಕಣ್ಣು ಹಿಂದೇನೇ ಬಂತು. ನಾವಿಬ್ರೂ ಅವತ್ತು ಆ ಹಜಾರದಲ್ಲಿ ಕೂತು ಎಷ್ಟ್ ಹೊತ್ತು ಅತ್ವೋ ಗೊತ್ತಿಲ್ಲ, ಎಣ್ಣೆ ಕೈಯೆಲ್ಲ ಕಣ್ಣಿಗೆ ಒರೆಸ್ಕೊಂಡು ಉರಿ ಬೇರೆ.

ಒಂದೂವರೆ ವರ್ಷಕ್ಕೆ ಕನ್ನಡಕ ಬಂತು, ಮೈನಸ್ ನಾಲ್ಕೂವರೆ ಮತ್ತು ಐದು. ಹಿಂದೆ ಎಲಾಸ್ಟಿಕ್ ಪಟ್ಟಿ. ಕಿತ್ತು ಬಿಸಾಕ್ತಾಳೆ ಅಂದ್ಕೊಂಡಿದ್ವಿ. ಜನವರಿ ತಿಂಗ್ಳು, ಕಣದಲ್ಲಿ ಕಾಫಿ ಹಣ್ಣು ಒಣಗೋಕೆ ಹಾಕಿದ್ರು, ಕನ್ನಡಕ ಹಾಕಿ ಅಲ್ಲಿ ಬಿಟ್ರೆ ಸುಮ್ನೆ ನಿಂತು ಒಂದ್ಸಲ ಸುತ್ತ ನೋಡಿದ್ಳು, ಆಮೇಲೆ ಕೂತು ಒಂದೊಂದೇ ಹಣ್ಣು ಎತ್ತಿ ಕಣ್ಣ ಹತ್ರ ಹಿಡಿದು ಪಕ್ಕಕ್ಕಿಡೋಕೆ ಶುರು ಮಾಡಿದ್ಳು. ಮಧ್ಯಾಹ್ನ ಊಟಕ್ಕೆ ಎಬ್ಬಿಸೋ ತನಕ ಅದೇ ಕೆಲ್ಸ.

ಆಮೇಲೆ ನಾನು ಓದಿ, ಕೇಳಿ ತಿಳ್ಕೊಂಡಿದ್ದು ಇಲ್ಲಿ ಹಾಕ್ತೀನಿ, ಯಾರಿಗಾದ್ರೂ ಬೇಕಾಗುತ್ತೆ. ನಮ್ ದೇಶದ ಲೆಕ್ಕದಲ್ಲಿ 34 ವಾರಕ್ಕಿಂತ ಮುಂಚೆ ಹುಟ್ಟಿದ, ಇಲ್ಲಾ 2 ಕೆಜಿಗಿಂತ ಕಮ್ಮಿ ತೂಕದ ಎಲ್ಲಾ ಮಕ್ಳಿಗೂ ಈ ಟೆಸ್ಟ್ ಆಗ್ಬೇಕು, ಮೊದ್ಲ ಟೆಸ್ಟ್ 30 ದಿನದೊಳಗೆ. 28 ವಾರಕ್ಕಿಂತ ಮುಂಚೆ ಹುಟ್ಟಿದ್ರೆ ಇಲ್ಲಾ 1,200 ಗ್ರಾಂಗಿಂತ ಕಮ್ಮಿ ಇದ್ರೆ ಎರಡು ಮೂರು ವಾರಕ್ಕೇ. 34 ದಾಟಿದ್ರೂ ಆಕ್ಸಿಜನ್, ಇನ್ಫೆಕ್ಷನ್ ಅಂತ ಆಗಿದ್ರೆ ಡಾಕ್ಟ್ರನ್ನ ಕೇಳಿ. ಒಂದ್ಸಲ ನೋಡಿ ಏನಿಲ್ಲ ಅಂದ್ರೂ ಮುಗೀಲಿಲ್ಲ, ನಾಳ ಪೂರ್ತಿ ಬೆಳೆಯೋ ತನಕ ವಾರಕ್ಕೋ ಎರಡು ವಾರಕ್ಕೋ ಕರೀತಾರೆ, ಹೋಗ್ಲೇಬೇಕು. ಈ ಕಾಯಿಲೆನ 1942ರಲ್ಲಿ ಅಮೆರಿಕದ ಟೆರ್ರಿ ಅನ್ನೋ ಡಾಕ್ಟ್ರು ಮೊದ್ಲು ಬರ್ದಿದ್ದಂತೆ, ಆಕ್ಸಿಜನ್ ಜಾಸ್ತಿ ಆಗೋದೂ ಒಂದು ಕಾರಣ ಅಂತ ಗೊತ್ತಾಗೋಕೆ ಇನ್ನೂ ಸುಮಾರು ಹತ್ತು ವರ್ಷ ಹಿಡೀತು. ನಮ್ ಕರ್ನಾಟಕದಲ್ಲೇ 2008ರಲ್ಲಿ ನಾರಾಯಣ ನೇತ್ರಾಲಯದವ್ರು ಕಿಡ್‌ರಾಪ್ ಅಂತ ಶುರು ಮಾಡಿದ್ರು, ಟೆಕ್ನಿಷಿಯನ್‌ಗಳು ಕ್ಯಾಮರಾ ತಗೊಂಡು ಜಿಲ್ಲೆ ಜಿಲ್ಲೆ ಆಸ್ಪತ್ರೆಗೆ ಹೋಗಿ ಮಕ್ಳ ಕಣ್ಣಿನ ಫೋಟೋ ತೆಗೆದು ಇಂಟರ್ನೆಟ್ಟಲ್ಲಿ ಕಳ್ಸೋದು, ಬೆಂಗಳೂರಲ್ಲಿ ಡಾಕ್ಟ್ರು ನೋಡಿ ಹೇಳೋದು. ಇಂಥದ್ದು ನಮ್ ರಾಜ್ಯದಲ್ಲಿ ಇದ್ದೂ ನಂಗೆ ಗೊತ್ತಿರ್ಲಿಲ್ಲ ಅನ್ನೋದೇ ಸಂಕಟ. ಮತ್ತೆ ಏಳು ತಿಂಗ್ಳಿಗೆ ಹುಟ್ಟಿದ್ದು ಉಳಿಯುತ್ತೆ, ಎಂಟು ತಿಂಗ್ಳಿಂದು ಉಳಿಯಲ್ಲ ಅಂತ ನಮ್ ಕಡೆ ಒಂದು ಮಾತಿದೆ, ಅದು ಸುಳ್ಳು, ಹೊಟ್ಟೇಲಿ ಒಂದೊಂದು ವಾರ ಜಾಸ್ತಿ ಇದ್ದಷ್ಟೂ ಮಗೂಗೆ ಒಳ್ಳೇದು.

ಹೋದ ತಿಂಗ್ಳು ಆಶಾ ಅಕ್ಕ ಫೋನ್ ಮಾಡಿದ್ರು. ಪಕ್ಕದ ಎಸ್ಟೇಟಿನ ಕೂಲಿ ಲೈನ್ ಮನೇಲಿ ಒಂದು ಹುಡುಗಿಗೆ 32 ವಾರಕ್ಕೆ ಹೆರಿಗೆ ಆಗಿದೆ, ಕಣ್ಣಿನ ಟೆಸ್ಟ್ ಅಂದ್ರೆ ಮನೆಯವ್ರು ಒಪ್ತಿಲ್ಲ, ನೀನೊಂದ್ಸಲ ಬಾ ಅಂದ್ರು. ಪುಟ್ಟೀನೂ ಕರ್ಕೊಂಡು ಹೋದೆ. ಆ ಮನೆ ಅಜ್ಜಿ ನಮ್ಮತ್ತೆ ಹೇಳಿದ್ದನ್ನೇ ಹೇಳಿದ್ರು, ಹಸಿ ಕೂಸು ಅಂತ. ನಾನು ಜಾಸ್ತಿ ಮಾತಾಡ್ಲಿಲ್ಲ, ಪುಟ್ಟಿ ಕನ್ನಡಕ ತೆಗೆದು ಅಜ್ಜಿ ಕೈಗೆ ಕೊಟ್ಟೆ, ನಡೆದಿದ್ದು ಹೇಳ್ದೆ. ಮಾರನೇ ದಿನ ನಾನೂ ಅವ್ರ ಜೊತೆ ಹಾಸನಕ್ಕೆ ಹೋದೆ. ಆ ಹುಡುಗಿ ಒಳಗೆ ನಿಲ್ಲೋಕೆ ಆಗಲ್ಲ ಅಂದ್ಳು, ಮಗು ತಲೆ ಹಿಡ್ಕೊಂಡು ನಾನೇ ನಿಂತೆ. ಸ್ಕ್ರೀನಲ್ಲಿ ನರ ಸೀದಾ ಹೋಗ್ತಿದ್ವು, ಗೆರೆ ಇರ್ಲಿಲ್ಲ. ಎರಡು ವಾರ ಬಿಟ್ಟು ಬನ್ನಿ ಅಂದ್ರು. ಚೀಟಿ ಮೇಲೆ ಡೇಟ್ ಇಂಗ್ಲಿಷಲ್ಲಿತ್ತು. ಬಸ್ ಸ್ಟ್ಯಾಂಡಲ್ಲಿ ಕೆಂಪು ಪೆನ್ನು ತಗೊಂಡು ಅವ್ಳ ತಾಯಿ ಕಾರ್ಡ್ ಮೇಲೆ ದೊಡ್ಡ ಅಕ್ಷರದಲ್ಲಿ, ಕಣ್ಣಿನ ಟೆಸ್ಟ್, ಸೋಮವಾರ, ಹಾಲು ಒಂದು ಗಂಟೆ ಮುಂಚೆ ನಿಲ್ಸಬೇಕು ಅಂತ ಬರ್ದುಕೊಟ್ಟೆ.